ಕಾಯುವುದೇ ಕಾಪಾಡುವುದು

ಮುಧೋಳದ ಮಣ್ಣಿನಲ್ಲಿ ಕ್ರಿ.ಶ. 949ರಲ್ಲಿ ಜನಿಸಿದ ರನ್ನನು, ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಎರಡನೆಯ ತೀರ್ಥಂಕರ ಅಜಿತನಾಥನ ಪುರಾಣವನ್ನು ರಚಿಸಿದನು. ಅಜಿತನಾಥನ ಲಾಂಛನ ಆನೆ. ಅವನ ಅನಂತರ ಬರುವ ಸಂಭವನಾಥನ ಲಾಂಛನ ಕುದುರೆ. ಬಸದಿಗೆ ಹೋದ ಶ್ರಾವಕನು ಪೀಠದಲ್ಲಿ ಕೆತ್ತಿದ ಆ ಪುಟ್ಟ ಕುದುರೆಯನ್ನು ಕಂಡು, ಇದು ಸಂಭವನಾಥನ ಬಿಂಬವೆಂದು ಗುರುತಿಸಿ ಕೈಮುಗಿದು ಮುಂದೆ ನಡೆಯುತ್ತಾನೆ. ಕಲ್ಲಿನ ಕುದುರೆಗೆ ನೋವಿಲ್ಲ. ಮನೆಯ ಹಿಂದಿನ ಲಾಯದಲ್ಲಿ ಮುಂಗಾಲನ್ನು ನೆಲಕ್ಕೆ ಊರಲಾರದೆ ನಿಂತಿರುವ ಜೀವಂತ ಕುದುರೆಗೆ ನೋವಿದೆ. ಬಿಂಬದ ಮುಂದೆ ಕಲಿತ ಪಾಠದ ಪರೀಕ್ಷೆ ನಡೆಯುವುದು ಈ ಲಾಯದಲ್ಲಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬೀದಿಗಳಲ್ಲಿ ಒಂದು ಕಾಲಕ್ಕೆ ಟಾಂಗಾ ಎಳೆಯುತ್ತಿದ್ದ ಕುದುರೆಗಳು ಈಗ ಅಪರೂಪ. ಆದರೂ ಕುದುರೆ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ಜಾತ್ರೆಯ ಕುದುರೆಗಾಡಿ ಶರ್ಯತ್ತಿಗೆ, ಮದುವೆಯ ಮೆರವಣಿಗೆಗೆ, ಕೆಲವೊಮ್ಮೆ ಕೇವಲ ಅಕ್ಕರೆಗೆಂದು ಅದನ್ನು ಸಾಕುವವರಿದ್ದಾರೆ. ಓಡುವ ಕುದುರೆಯ ಸುತ್ತ ಜನ ಸೇರುತ್ತಾರೆ. ಕುಂಟುವ ಕುದುರೆಯ ಬಳಿ ಉಳಿಯುವವರು ಒಬ್ಬಿಬ್ಬರು. ಕಾಲಿಗೆ ಪೆಟ್ಟು ಬಿದ್ದ ಮೊದಲ ದಿನ ಊರೇ ಮರುಗುತ್ತದೆ. ಮೂರನೆಯ ತಿಂಗಳಿಗೆ ಅದೇ ಊರು, ‘ಇನ್ನೂ ಇಟ್ಟುಕೊಂಡಿದ್ದೀರೇನು?’ ಎಂದು ಕೇಳುತ್ತದೆ. ಮೊದಲ ದಿನದ ಮರುಕ ಸುಲಭ. ಮೂರನೆಯ ತಿಂಗಳಿನ ಕರುಣೆಗೆ ವ್ರತದ ಬಲ ಬೇಕು.

ಕುದುರೆಯ ಕಾಲು ಇಷ್ಟು ತಡವಾಗಿ ಮಾಗುವುದಕ್ಕೆ ಕಾರಣಗಳಿವೆ. ಅದರ ದೇಹಭಾರದಲ್ಲಿ ಸುಮಾರು ಶೇ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಮೊಣಕಾಲಿನ ಕೆಳಗೆ ಮಾಂಸಖಂಡದ ಹೊದಿಕೆಯಿಲ್ಲ. ಎಲುಬು, ಸ್ನಾಯುರಜ್ಜು, ಚರ್ಮ ಇಷ್ಟೇ. ರಕ್ತಸಂಚಾರ ಕಡಿಮೆಯಿರುವ ಈ ರಜ್ಜು ಹರಿದರೆ ಕೂಡಿಕೊಳ್ಳಲು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮೊದಲ ಕೆಲವು ವಾರ ಪೂರ್ಣ ವಿಶ್ರಾಂತಿ, ತಣ್ಣೀರಿನ ಉಪಚಾರ, ಆಧಾರದ ಪಟ್ಟಿ. ಅನಂತರ ವೈದ್ಯರ ಸೂಚನೆಯಂತೆ ಕೈಯಲ್ಲಿ ಹಗ್ಗ ಹಿಡಿದು ದಿನಕ್ಕೆ ಕೆಲವೇ ನಿಮಿಷಗಳ ನಡಿಗೆ. ವಾರಗಳು ಕಳೆದಂತೆ ಆ ನಿಮಿಷಗಳನ್ನು ಒಂದೊಂದಾಗಿ ಏರಿಸಬೇಕು. ಅಳತೆಯ ನಡಿಗೆಯಿಂದಲೇ ಹೊಸ ಎಳೆಗಳು ನೇರವಾಗಿ ಜೋಡಣೆಗೊಳ್ಳುತ್ತವೆ. ಒಂದು ದಿನ ಅವಸರಪಟ್ಟು ಬಯಲಿಗೆ ಬಿಟ್ಟರೆ ಆರು ತಿಂಗಳ ಶ್ರಮ ಅರ್ಧ ಗಳಿಗೆಯಲ್ಲಿ ಹರಿದುಹೋಗಬಹುದು.

ಇನ್ನೊಂದು ಅಪಾಯ ಗಾಯವಾಗದ ಕಾಲಿಗೆ. ನೋವಿನ ಕಾಲನ್ನು ಎತ್ತಿ ಹಿಡಿದ ಕುದುರೆ ಅದರ ಜೊತೆಗಾಲಿನ ಮೇಲೆ ಭಾರ ಹಾಕುತ್ತದೆ. ಬಹುಕಾಲ ಹಾಗೆ ನಿಂತರೆ ಆ ಗೊರಸಿನ ಒಳಪದರ ಉರಿಯೂತಕ್ಕೆ ಈಡಾಗುತ್ತದೆ. ಅಮೆರಿಕದ ಬಾರ್ಬರೋ ಎಂಬ ಕುದುರೆ 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಗೆದ್ದಿತು. ಎರಡೇ ವಾರದಲ್ಲಿ, ಮೇ 20ರ ಮತ್ತೊಂದು ಓಟದಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ಎಂಟು ತಿಂಗಳು ಆರೈಕೆ ನಡೆಯಿತು. ಕೊನೆಗೆ ಅದನ್ನು ಸೋಲಿಸಿದ್ದು ಮುರಿದ ಕಾಲಿಗಿಂತ ಹೆಚ್ಚಾಗಿ, ಭಾರ ಹೊತ್ತು ಸೋತ ಉಳಿದ ಕಾಲುಗಳ ಗೊರಸಿನ ಬೇನೆ. 2007ರ ಜನವರಿ 29ರಂದು ಅದರ ಬದುಕು ಮುಗಿಯಿತು. ಹಣ, ಯಂತ್ರ, ತಜ್ಞರು ಎಲ್ಲವೂ ಇದ್ದ ಕಡೆಯಲ್ಲಿಯೇ ಹೀಗಾದರೆ, ಹಳ್ಳಿಯ ಲಾಯದಲ್ಲಿ ನಿತ್ಯದ ಎಚ್ಚರವೇ ದೊಡ್ಡ ಔಷಧ.

ಈ ಎಚ್ಚರಕ್ಕೆ ಜೈನಾಚಾರ್ಯರು ಕೊಟ್ಟ ಹೆಸರು ಅಪ್ರಮಾದ. ಹಿಂಸೆಯ ಬೇರು ಆಯುಧದಲ್ಲಿಲ್ಲ, ಪ್ರಮಾದದಲ್ಲಿದೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿಲುವು. ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನನೀರು ತಡೆಯುವುದು. ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಈ ಐದು ಮಾತುಗಳು ಎಷ್ಟು ನೇರವಾಗಿ ದನದ ಕೊಟ್ಟಿಗೆಗೂ ಕುದುರೆಯ ಲಾಯಕ್ಕೂ ಸಂಬಂಧಿಸಿವೆ ಎಂಬುದು, ಕಾಲು ನೊಂದ ಪ್ರಾಣಿಯೊಂದು ಎದುರಿಗೆ ನಿಂತಾಗ ಮಾತ್ರ ಮನಸ್ಸಿಗೆ ತಟ್ಟುತ್ತದೆ.

ಇಲ್ಲೊಂದು ತೊಡಕು ಎದುರಾಗುತ್ತದೆ. ಕಾಲು ಮಾಗಬೇಕಾದರೆ ಕುದುರೆಯನ್ನು ಕಟ್ಟಲೇಬೇಕು. ಕೀವು ತುಂಬಿದರೆ ಕೊಯ್ಯಬೇಕು. ದುಡಿಮೆಯಿಲ್ಲದೆ ನಿಂತ ಪ್ರಾಣಿಗೆ ಹುರುಳಿ, ಕಡಲೆ ಮೊದಲಿನಂತೆಯೇ ಇಟ್ಟರೆ ಹೊಟ್ಟೆಶೂಲೆ ಬರಬಹುದಾದ್ದರಿಂದ ಕಾಳನ್ನು ಕಡಿಮೆ ಮಾಡಿ ಒಣಮೇವನ್ನು ಹೆಚ್ಚಿಸಬೇಕು. ಹಾಗಾದರೆ ಆರೈಕೆಯೇ ಅತಿಚಾರವಾಯಿತೇ? ಶ್ರಾವಕಾಚಾರದ ವ್ಯಾಖ್ಯಾನಕಾರರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಬಂಧನದಲ್ಲಿ ಸಾಪೇಕ್ಷ, ನಿರಪೇಕ್ಷ ಎಂದು ಅವರು ಎರಡು ಬಗೆ ಮಾಡಿದರು. ಪ್ರಾಣಿಯ ಹಿತವನ್ನು ಲೆಕ್ಕಿಸಿ ಕಟ್ಟುವುದು ಸಾಪೇಕ್ಷ. ಅದರ ಗೋಳನ್ನು ಲೆಕ್ಕಿಸದೆ ಕಟ್ಟುವುದು ನಿರಪೇಕ್ಷ. ಬೆಂಕಿ ಬಿದ್ದರೆ ಬಿಡಿಸಿಕೊಳ್ಳಲು ಬರುವಂತೆ ಹಗ್ಗ ಸಡಿಲವಾಗಿರಬೇಕು ಎಂಬಲ್ಲಿಯವರೆಗೆ ಅವರ ಗಮನ ಹರಿದಿದೆ. ಕುರುವನ್ನು ಗುಣಪಡಿಸಲು ಕೊಯ್ಯುವುದು, ಜ್ವರ ಇಳಿಯಲೆಂದು ಆಹಾರವನ್ನು ತಡೆಯುವುದು ದೋಷವಲ್ಲ ಎಂದೂ, ಹೊರಲು ಶಕ್ತಿಯಿರುವುದಕ್ಕಿಂತ ಸ್ವಲ್ಪ ಕಡಿಮೆಯೇ ಹೇರಿ ಹೊತ್ತಿಗೆ ಸರಿಯಾಗಿ ನೊಗ ಕಳಚಬೇಕೆಂದೂ ಅವರು ವಿಧಿಸಿದ್ದಾರೆ. ಹಗ್ಗ ಒಂದೇ. ಅದನ್ನು ಕಟ್ಟುವ ಕೈಯ ಹಿಂದಿನ ಭಾವ ಬೇರೆ.

ರೋಗ ಬಂದರೆ ಕರ್ಮಫಲವೆಂದು ಸುಮ್ಮನಿರಬೇಕೆಂಬುದು ಜೈನಧರ್ಮದ ಮಾತೆಂದು ಕೆಲವರು ಭಾವಿಸುತ್ತಾರೆ. ಪ್ರಾಣಿಗೆ ಒದಗಿದ ನೋವು ಅಸಾತಾವೇದನೀಯ ಕರ್ಮದ ಉದಯವೆಂಬುದು ಸಿದ್ಧಾಂತ, ನಿಜ. ಆದರೆ ಅದರ ಉಪಶಮನಕ್ಕೆ ನಿಮಿತ್ತವಾಗುವ ಅವಕಾಶ ಎದುರಿಗೆ ನಿಂತ ಮನುಷ್ಯನ ಪಾಲಿಗೆ ಬಂದಿರುತ್ತದೆ. ಆ ಅವಕಾಶವನ್ನು ಕೈಬಿಟ್ಟರೆ ಕಟ್ಟಿಕೊಳ್ಳುವ ಕರ್ಮ ಅವನದೇ. ಕನ್ನಡದ ಜೈನ ಪರಂಪರೆ ಇದನ್ನು ಚೆನ್ನಾಗಿ ಅರಿತಿತ್ತು. 12ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜಕುಮಾರನೂ ಜೈನನೂ ಆದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಅದಕ್ಕೂ ಹಿಂದೆ, ರಾಷ್ಟ್ರಕೂಟರ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ಮುಂದೆ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಕುರಿತೇ ಕನ್ನಡದಲ್ಲಿ ಕೃತಿ ರಚಿಸಿದನು. ಅವರ ಕಾಲದಲ್ಲಿ ಅರಮನೆಯ ಕುದುರೆಗೆ ದೊರೆತ ಗಮನ ಇಂದು ಸಾಮಾನ್ಯನ ಕುದುರೆಗೂ ದೊರೆಯಬಹುದು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯದ ನೆರವು ಕೇಳಬಹುದಾದ ಕಾಲವಿದು. ಮಂತ್ರ ಜಪಿಸುತ್ತ ವೈದ್ಯರನ್ನು ಕರೆಯದೆ ಇರುವುದು ಭಕ್ತಿಯಲ್ಲ, ಪ್ರಮಾದ.

ಆರೈಕೆಯ ಹಾದಿಯಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ನೋವು ನಿವಾರಕ ಚುಚ್ಚುಮದ್ದು ಕೊಟ್ಟ ಕೂಡಲೆ ಕುದುರೆ ಕುಂಟುವುದನ್ನು ನಿಲ್ಲಿಸುತ್ತದೆ. ಜಾತ್ರೆ ಹತ್ತಿರದಲ್ಲಿದೆ. ಗಾಡಿಗೆ ಹೂಡಬಹುದಲ್ಲವೇ ಎಂದು ಮನಸ್ಸು ಕೇಳುತ್ತದೆ. ನೋವು ಅಡಗಿದೆ ಎಂದರೆ ಗಾಯ ಮಾಗಿದೆ ಎಂದಲ್ಲ. ಗುಣಸ್ಥಾನಗಳ ವಿಚಾರವನ್ನು ಬಲ್ಲವರಿಗೆ ಈ ಭೇದ ಹೊಸದಲ್ಲ. ಉಪಶಮ ಬೇರೆ, ಕ್ಷಯ ಬೇರೆ. ಕೆಸರು ತಳಕ್ಕಿಳಿದ ನೀರು ತಿಳಿಯಾಗಿ ಕಾಣುತ್ತದೆ. ಅಲುಗಿಸಿದರೆ ಮತ್ತೆ ಕದಡುತ್ತದೆ. ಮೋಹವನ್ನು ಉಪಶಮ ಮಾತ್ರ ಮಾಡಿ ಹನ್ನೊಂದನೆಯ ಗುಣಸ್ಥಾನಕ್ಕೆ ಏರಿದ ಮುನಿಯೂ ಅಲ್ಲಿಂದ ಕೆಳಗೆ ಇಳಿಯಲೇಬೇಕಾಗುತ್ತದೆ. ಮುನಿಗಳ ಕಷಾಯಕ್ಕೆ ಸಲ್ಲುವ ಈ ನಿಯಮ ಕುದುರೆಯ ಕಾಲಿಗೂ ದೃಷ್ಟಾಂತವಾಗಿ ಸಲ್ಲುತ್ತದೆ. ಗಾಯಗೊಂಡು ದುಡಿಯಲಾಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ. ಆದರೆ ವ್ರತಿಯು ತಡೆದು ನಿಲ್ಲುವುದು ಕಾಯಿದೆಯ ಭಯದಿಂದಲ್ಲ.

ಪ್ರಾಣಿಯ ನೋವಿನ ಜೊತೆಗೆ ಸಾಕಿದವನ ನೋವೂ ಇದೆ; ಅದನ್ನು ಕಡೆಗಣಿಸಿ ಉಪದೇಶ ಮಾಡುವುದು ತರವಲ್ಲ. ಕುದುರೆ ನಿಂತರೆ ಗಳಿಕೆ ನಿಲ್ಲುತ್ತದೆ. ಮೇವು, ಔಷಧ, ಪಟ್ಟಿ, ವೈದ್ಯರ ಖರ್ಚು ನಿಲ್ಲುವುದಿಲ್ಲ. ಮನೆಯಲ್ಲಿ ಮಾತು ಬಿರುಸಾಗುತ್ತದೆ. ರಾತ್ರಿ ಲಾಯದಲ್ಲಿ ಸಣ್ಣ ಸದ್ದಾದರೂ ನಿದ್ದೆ ಒಡೆಯುತ್ತದೆ. ಈ ಸ್ಥಿತಿಯಲ್ಲಿ ಮನಸ್ಸು ಹಿಡಿಯುವ ದಾರಿಯನ್ನು ಆಚಾರ್ಯರು ಆರ್ತಧ್ಯಾನವೆಂದು ಕರೆದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಡದ್ದು ಬಂತಲ್ಲ ಎಂಬ ಕೊರಗು ಅನಿಷ್ಟಸಂಯೋಗ. ಪ್ರಿಯವಾದದ್ದು ಹೋಯಿತಲ್ಲ ಎಂಬ ಅಳಲು ಇಷ್ಟವಿಯೋಗ. ನೋವನ್ನೇ ನೆನೆದು ನರಳುವುದು ವೇದನಾ. ಮುಂದಿನ ಫಲಕ್ಕೆ ಹಂಬಲಿಸುವುದು ನಿದಾನ. ಕುದುರೆಯ ಗಾಯವಾದ ಮನೆಯಲ್ಲಿ ಈ ನಾಲ್ಕೂ ಒಂದೇ ದಿನದಲ್ಲಿ ಬಂದು ಹೋಗಬಹುದು: ಬೆಳಗ್ಗೆ ಕಾಲಿನ ಬಾವು ಕಂಡು ಮೊದಲನೆಯದು, ನೆರೆಯವನ ಕುದುರೆ ಓಡುವುದನ್ನು ಕಂಡು ಎರಡನೆಯದು, ಪಟ್ಟಿ ಬಿಚ್ಚುವಾಗ ಮೂರನೆಯದು, ಬರುವ ವರ್ಷದ ಬಹುಮಾನ ನೆನೆದು ನಾಲ್ಕನೆಯದು. ಆರ್ತಧ್ಯಾನ ಸಾಕಿದವನನ್ನು ಸವೆಸುತ್ತದೆ, ಕುದುರೆಯ ಕಾಲನ್ನು ಮಾಗಿಸುವುದಿಲ್ಲ.

ಅದನ್ನು ಧರ್ಮಧ್ಯಾನದತ್ತ ತಿರುಗಿಸುವ ಸಾಧನ ಶ್ರಾವಕನ ಕೈಯಲ್ಲಿಯೇ ಇದೆ. ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಸಾಮಾಯಿಕವೆಂದರೆ ಸುಖದುಃಖ, ಲಾಭನಷ್ಟಗಳಲ್ಲಿ ಸಮಭಾವವನ್ನು ಅಭ್ಯಾಸ ಮಾಡುವ ಹೊತ್ತು. ದಿನವೂ ಅಷ್ಟು ಹೊತ್ತು ಕುಳಿತೆದ್ದವನು ಲಾಯಕ್ಕೆ ಹೋದಾಗ, ನಿನ್ನೆಗಿಂತ ಬಾವು ಇಳಿಯಿತೇ ಇಲ್ಲವೇ ಎಂಬ ಆತಂಕವನ್ನು ಪಕ್ಕಕ್ಕಿಟ್ಟು ಇಂದಿನ ಕೆಲಸವೇನೆಂದು ನೋಡಬಲ್ಲನು. ನೆಲ ಒಣಗಿದೆಯೇ, ಜೊತೆಗಾಲಿನ ಗೊರಸು ಬಿಸಿಯಾಗಿದೆಯೇ, ನೀರು ಕುಡಿಯಿತೇ, ಲದ್ದಿ ಸರಿಯಾಗಿದೆಯೇ, ಪಟ್ಟಿ ಬಿಗಿಯಾಯಿತೇ? ಈ ಐದು ಪ್ರಶ್ನೆಗಳಿಗೆ ಶಾಂತವಾಗಿ ಉತ್ತರ ಹುಡುಕುವುದು, ಕಣ್ಣೀರು ಹಾಕಿ ನಿಲ್ಲುವುದಕ್ಕಿಂತ ದೊಡ್ಡ ದಯೆ. ಕುದುರೆ ಮನಸ್ಸುಳ್ಳ ಸಂಜ್ಞೀ ಪಂಚೇಂದ್ರಿಯ ಜೀವ. ತನ್ನ ಬಳಿಗೆ ಬಂದವನ ಉಸಿರಿನ ಆತುರವೂ ಅದಕ್ಕೆ ತಿಳಿಯುತ್ತದೆ.

ಪ್ರಾಣಿಗಳು ತಾವೇ ತಾಳ್ಮೆಯ ಗುರುಗಳಾದ ಕಥೆಗಳು ಜಿನಾಗಮದಲ್ಲಿ ಹೇರಳವಾಗಿವೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಮೇಘಕುಮಾರನ ಪೂರ್ವಜನ್ಮದ ವೃತ್ತಾಂತ ಬರುತ್ತದೆ. ಕಾಳ್ಗಿಚ್ಚಿಗೆ ಹೆದರಿ ಕಾಡಿನ ಮೃಗಗಳೆಲ್ಲ ಒಂದು ಬಯಲಿನಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಅಲ್ಲಿದ್ದ ಆನೆಯೊಂದು ಮೈ ತುರಿಸಿಕೊಳ್ಳಲು ಕಾಲೆತ್ತಿದಾಗ, ತೆರವಾದ ಜಾಗಕ್ಕೆ ಮೊಲವೊಂದು ಬಂದು ಕೂಡುತ್ತದೆ. ಕಾಲಿಟ್ಟರೆ ಮೊಲ ಸಾಯುತ್ತದೆಂದು ಆನೆ ಎರಡೂವರೆ ದಿನ ಕಾಲನ್ನು ಎತ್ತಿಯೇ ನಿಂತಿತು. ಬೆಂಕಿ ಆರಿ ಮೊಲ ಹೋದ ಮೇಲೆ ಕಾಲೂರಲು ನೋಡಿದರೆ ಅದು ಸೆಟೆದಿತ್ತು. ಆನೆ ಕುಸಿದು ಪ್ರಾಣಬಿಟ್ಟಿತು. ಆ ಜೀವವೇ ಶ್ರೇಣಿಕ ರಾಜನ ಮಗನಾಗಿ ಹುಟ್ಟಿ ಭಗವಾನ್ ಮಹಾವೀರರ ಶಿಷ್ಯನಾಯಿತು. ಒಂದು ಮೊಲಕ್ಕಾಗಿ ಆನೆ ಮೂರು ಕಾಲಿನ ಮೇಲೆ ನಿಂತಿತು. ಮೂರು ಕಾಲಿನ ಮೇಲೆ ನಿಂತ ಕುದುರೆಗಾಗಿ ಮನುಷ್ಯನು ಕೆಲವು ತಿಂಗಳು ನಿಲ್ಲಲಾರನೇ?

ಎಲ್ಲ ಕಾಲುಗಳೂ ಮಾಗುವುದಿಲ್ಲ. ಈ ಸತ್ಯದ ಮುಂದೆ ಎದೆ ನಡುಗುತ್ತದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ಬೇನೆಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ತಮ್ಮ ಎದುರಿನಲ್ಲಿಯೇ ವೈದ್ಯರಿಂದ ಸಾವಿನ ಚುಚ್ಚುಮದ್ದು ಕೊಡಿಸಿದರು. ಅದು ಅಹಿಂಸೆಯೆಂದೇ ಅವರು ಸಮರ್ಥಿಸಿಕೊಂಡರು. ಜೈನ ಸಮಾಜದ ಅನೇಕರು ಅದನ್ನು ತೀವ್ರವಾಗಿ ಖಂಡಿಸಿದರು. ಎರಡೂ ಕಡೆಯವರ ನೋಟದಲ್ಲಿ ಕರುಣೆಯಿತ್ತು ಎಂಬುದನ್ನು ಅನೇಕಾಂತ ದೃಷ್ಟಿ ಒಪ್ಪುತ್ತದೆ. ಆದರೆ ಜೈನರ ಆಕ್ಷೇಪದ ಹಿಂದಿದ್ದ ತರ್ಕವನ್ನು ಮರೆಯುವಂತಿಲ್ಲ. ಪ್ರಾಣಿ ತನ್ನ ಇಚ್ಛೆಯನ್ನು ಬಾಯಿಬಿಟ್ಟು ಹೇಳದು. ಅದರ ಪರವಾಗಿ ಸಾವನ್ನು ಆರಿಸುವ ಮನುಷ್ಯನು ಪ್ರಾಣಿಯ ನೋವನ್ನು ಮುಗಿಸುತ್ತಿದ್ದಾನೋ, ಅದನ್ನು ನೋಡಲಾರದ ತನ್ನ ನೋವನ್ನೋ, ತನ್ನ ಖರ್ಚನ್ನೋ ಎಂಬುದು ಅವನಿಗೂ ಸ್ಪಷ್ಟವಿರುವುದಿಲ್ಲ. ಆದ್ದರಿಂದಲೇ ಆಚಾರ್ಯರು ಕೊಲ್ಲುವ ದಾರಿಯನ್ನು ಬಿಟ್ಟು ಜೊತೆಯಲ್ಲಿ ಕೂಡುವ ದಾರಿಯನ್ನು ತೋರಿಸಿದರು. ಜೀವಂಧರ ಕುಮಾರನು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದನು. ಪದ್ಮರುಚಿಯೆಂಬ ಶ್ರೇಷ್ಠಿ ಕೊನೆಯುಸಿರೆಳೆಯುತ್ತಿದ್ದ ಎತ್ತಿಗೆ ಅದನ್ನೇ ಕೇಳಿಸಿದನು. ನೋವು ತಗ್ಗಿಸುವ ಔಷಧ, ಮೆತ್ತನೆಯ ನೆಲ, ನೆರಳು, ನೀರು, ಪರಿಚಿತ ಕೈಯ ಸ್ಪರ್ಶ, ಕಿವಿಗೊಂದು ಮಂತ್ರ: ವಾಸಿಯಾಗದ ಜೀವಕ್ಕೂ ಮಾಡಲು ಇಷ್ಟು ಉಳಿದಿರುತ್ತದೆ.

ಹಾಗೆ ಕೂಡುವುದಕ್ಕೆ ಒಬ್ಬನ ಬಲ ಸಾಲದು. ಹಿಂದಿನವರು ಪಾಂಜರಾಪೋಳಗಳನ್ನು ಕಟ್ಟಿದ್ದು ಈ ಕಾರಣದಿಂದಲೇ. ಮುಂಬಯಿಯ ಪಾಂಜರಾಪೋಳವು 1834ರಲ್ಲಿ ಪಾರಸಿ ಮತ್ತು ಜೈನ ಶ್ರೀಮಂತರ ಕೂಡುದಾನದಿಂದ ಆರಂಭವಾಯಿತು. ಪ್ರತಿ ಊರಿನಲ್ಲಿಯೂ ಅಷ್ಟು ದೊಡ್ಡ ಸಂಸ್ಥೆ ಆಗಬೇಕೆಂದಿಲ್ಲ. ಪರ್ಯೂಷಣದ ದಿನಗಳಲ್ಲಿ ಜೀವದಯೆಗೆಂದು ಎತ್ತುವ ಹಣದ ಒಂದು ಪಾಲು, ಊರಿನಲ್ಲಿ ಕಾಲು ನೊಂದು ನಿಂತ ಒಂದು ಎತ್ತಿನ, ಒಂದು ಕುದುರೆಯ ಮೇವಿಗೆ ಸಂದರೆ ಸಾಕು. ಸಾಕಿದವನು ಯಾವ ಜಾತಿಯವನು, ಯಾವ ಮತದವನು ಎಂದು ಕೇಳದೆ ಒಂದು ಹೊರೆ ಜೋಳದ ಕಣಿಕೆಯನ್ನು ಅವನ ಬಾಗಿಲಿಗೆ ಇಳಿಸಿದರೆ, ‘ಇನ್ನೂ ಇಟ್ಟುಕೊಂಡಿದ್ದೀರೇನು?’ ಎಂಬ ಪ್ರಶ್ನೆಗೆ ಊರೇ ಉತ್ತರ ಕೊಟ್ಟಂತಾಗುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಕ್ಕೆ ಇದಕ್ಕಿಂತ ಸರಳವಾದ ಭಾಷ್ಯ ಬೇಕಿಲ್ಲ.

ಇನ್ನು, ಕಾಲು ಮಾಗಿದ ದಿನದ ಮಾತು. ಕೂಡಿಕೊಂಡ ರಜ್ಜುವಿಗೆ ಮೊದಲಿನ ಸ್ಥಿತಿಸ್ಥಾಪಕತ್ವ ಪೂರ್ತಿಯಾಗಿ ಮರಳುವುದಿಲ್ಲ. ಮತ್ತೆ ಹರಿಯುವ ಸಂಭವ ಉಳಿದೇ ಇರುತ್ತದೆ. ಆಗ ಎರಡನೆಯ ಪರೀಕ್ಷೆ ಆರಂಭವಾಗುತ್ತದೆ. ಮತ್ತೆ ಶರ್ಯತ್ತಿಗೆ ಹೂಡುವುದೋ, ಹಗುರವಾದ ಕೆಲಸಕ್ಕೆ ಉಳಿಸಿಕೊಳ್ಳುವುದೋ, ಗಾಯದ ಸಂಗತಿಯನ್ನು ಮುಚ್ಚಿಟ್ಟು ಸಂತೆಯಲ್ಲಿ ಮಾರುವುದೋ? ಮೂರನೆಯದು ಅಹಿಂಸೆಗೂ ಸತ್ಯಕ್ಕೂ ಒಟ್ಟಿಗೆ ಭಂಗ. ಶಾಸ್ತ್ರವು ಪರಿಗ್ರಹದ ಪಟ್ಟಿಯಲ್ಲಿ ಚತುಷ್ಪದಗಳನ್ನೂ ಎಣಿಸಿದ್ದಕ್ಕೆ ಅರ್ಥವಿದೆ. ಪ್ರಾಣಿಯನ್ನು ಗಳಿಕೆಯೆಂದು ಮಾತ್ರ ಕಂಡವನಿಗೆ ಓಡದ ಕುದುರೆ ನಷ್ಟ. ಅದನ್ನು ಜೀವವೆಂದು ಕಂಡವನಿಗೆ ಅದು ತನ್ನ ಮಿತಿಯನ್ನು ಪರಿಮಾಣವ್ರತದಂತೆ ನೆನಪಿಸುವ ಜೊತೆಗಾರ.

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು 12ನೆಯ ಶತಮಾನದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯಿದೆ. ಮದುವೆಯ ಮೆರವಣಿಗೆಯಲ್ಲಿ ಹೊರಟಿದ್ದ ನೇಮಿಕುಮಾರನು, ಔತಣಕ್ಕೆಂದು ಕೂಡಿಹಾಕಿದ ಪಶುಗಳ ಕೂಗು ಕೇಳಿ ರಥವನ್ನು ನಿಲ್ಲಿಸಿದನು. ಆ ಮಹಾತ್ಯಾಗದ ಮೊದಲ ಹೆಜ್ಜೆ ಇಷ್ಟೇ: ಓಡುತ್ತಿದ್ದ ಕುದುರೆಗಳ ಲಗಾಮನ್ನು ಎಳೆದು ನಿಂತು ಕೇಳಿಸಿಕೊಂಡದ್ದು. ಕನ್ನಡದಲ್ಲಿ ಕಾಯುವುದು ಎಂಬ ಮಾತಿಗೆ ನಿರೀಕ್ಷಿಸುವುದೆಂದೂ ಅರ್ಥವಿದೆ, ರಕ್ಷಿಸುವುದೆಂದೂ ಅರ್ಥವಿದೆ. ಕಾಲು ನೊಂದ ಕುದುರೆಯ ಲಾಯದಲ್ಲಿ ಆ ಎರಡು ಅರ್ಥಗಳು ಬೇರೆಯಾಗಿ ಉಳಿಯುವುದಿಲ್ಲ. ಅಲ್ಲಿ ನಾಳೆ ಬೆಳಗ್ಗೆಯೂ ಪಟ್ಟಿ ಬಿಚ್ಚಿ ನೋಡಬೇಕು, ನೀರು ಇಡಬೇಕು, ಹತ್ತು ಹೆಜ್ಜೆ ನಡೆಸಿ ಹಿಂದಕ್ಕೆ ತರಬೇಕು. ವ್ರತವು ಆ ಹತ್ತು ಹೆಜ್ಜೆಯಲ್ಲಿದೆ.